ಪುಟ್ಟ ಮೋಟಾರ್ ದೋಣಿಯಲ್ಲಿ ಇಂಗ್ಲೆಂಡಿನ ಕಾಲುವೆ: ಮೊದಲ ಪಯಣಕ್ಕೆ ಸಮಗ್ರ ಮಾರ್ಗದರ್ಶಿ

ಮಂಡ್ಯ ಕಡೆ ಬೆಳೆದವರಿಗೆ ನಾಲೆ ಅಂದರೆ ಗದ್ದೆಗೆ ನೀರು ತರುವ ದಾರಿ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಸುಮ್ನೆ ನಿಂತಿದ್ದರೂ ಅಮ್ಮ ಕೂಗಿ ಕರೆಯುತ್ತಿದ್ದಳು. ಕಾರಣ ಇತ್ತು. ಅಲ್ಲಿ ಸೆಳೆತ ಜಾಸ್ತಿ, ಪಕ್ಕದ ಇಳಿಜಾರು ನುಣುಪು, ಬಿದ್ದರೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಈ ಬರಹ ನಮ್ಮೂರಿನ ನಾಲೆಗಳಿಗಲ್ಲ. ಅಲ್ಲಿ ದೋಣಿ ಇಳಿಸಬೇಡಿ.

ಇಂಗ್ಲೆಂಡಿನ ಕಾಲುವೆಗಳ ಕಥೆ ಬೇರೆ. ಅವುಗಳನ್ನು ತೋಡಿದ್ದೇ ದೋಣಿ ಓಡಿಸಲು. ಕಲ್ಲಿದ್ದಲು, ಕಲ್ಲು, ಮರ, ಧಾನ್ಯ ಸಾಗಿಸಲು. ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ನಡುವಲ್ಲಿ ಆಳ ಎದೆಮಟ್ಟ ಇದ್ದರೆ ಹೆಚ್ಚು. ಪಕ್ಕದಲ್ಲಿ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ ಇನ್ನೂ ಇದೆ. ಇಂಥ ನೀರಿನಲ್ಲಿ ಗಾಳಿ ತುಂಬುವ ಪುಟ್ಟ ದೋಣಿ, ಅದರ ಹಿಂದೊಂದು ಚಿಕ್ಕ ಮೋಟಾರ್ ಇದ್ದರೆ ಒಂದು ದಿನ ಎಷ್ಟು ಚೆನ್ನಾಗಿ ಕಳೆಯಬಹುದು ಅನ್ನುವುದು ನನಗೆ ಇಲ್ಲಿಗೆ ಬಂದು ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಇಲ್ಲಿರುವ ನಮ್ಮವರು ಅನೇಕರು ಕಾಲುವೆ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದಾರೆ. ದಿನಾ ಸಂಜೆ ಅದರ ದಡದಲ್ಲಿ ನಡೆಯುತ್ತಾರೆ. ನೀರಿಗಿಳಿದವರು ಕಡಿಮೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲಿಂದ ಶುರು ಮಾಡಬೇಕು

ಮೊದಲ ಸಲಕ್ಕೆ ಲಾಕ್ ಇಲ್ಲದ ಭಾಗವನ್ನು ಆರಿಸಿ. ಲಾಕ್ ಅಂದರೆ ಎರಡು ಕಡೆ ಗೇಟಿರುವ ನೀರಿನ ತೊಟ್ಟಿ. ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಏರಿಸಿ ಇಳಿಸಲು ಇರುವ ವ್ಯವಸ್ಥೆ. ಎರಡು ಲಾಕ್‌ಗಳ ನಡುವಿನ ಸಮಮಟ್ಟದ ನೀರನ್ನು ಇಲ್ಲಿನವರು ಪೌಂಡ್ ಅನ್ನುತ್ತಾರೆ.

ನನ್ನ ಆಯ್ಕೆ ಕೆನೆಟ್ ಅಂಡ್ ಏವನ್ ಕಾಲುವೆಯ 'ಲಾಂಗ್ ಪೌಂಡ್'. ಈ ಜಲಮಾರ್ಗ ರೆಡಿಂಗ್‌ನಿಂದ ಬಾತ್ ಮೂಲಕ ಬ್ರಿಸ್ಟಲ್ ಕಡೆಗೆ ಹೋಗುತ್ತದೆ. ಒಟ್ಟು 87 ಮೈಲಿ, ನೂರಕ್ಕೂ ಹೆಚ್ಚು ಲಾಕ್‌ಗಳು. ಜಾನ್ ರೆನ್ನಿ ಎಂಬ ಎಂಜಿನಿಯರ್ ರೂಪಿಸಿದ್ದು, 1810ರಲ್ಲಿ ಪೂರ್ತಿಯಾಯಿತು. ಆಮೇಲೆ ರೈಲು ಬಂತು, ವ್ಯಾಪಾರ ಹೋಯಿತು, ಕಾಲುವೆ ಹಾಳುಬಿತ್ತು. ಅದನ್ನು ಮುಚ್ಚಬಾರದೆಂದು ಜನ 1956ರಲ್ಲಿ ಮನವಿ ಹಿಡಿದು ಲಂಡನ್‌ಗೆ ಹೋದರು. ಸ್ವಯಂಸೇವಕರು ವರ್ಷಗಟ್ಟಲೆ ಕೆಸರು ಎತ್ತಿದರು. 1990ರಲ್ಲಿ ರಾಣಿ ಎಲಿಜಬೆತ್ ಬಂದು ಮತ್ತೆ ತೆರೆದರು. ನಾವು ಇಂದು ಅಲ್ಲಿ ಆರಾಮಾಗಿ ತೇಲುವುದು ಆ ಜನರ ದುಡಿಮೆಯಿಂದ. ಅದಕ್ಕೇ ಅಲ್ಲಿ ಕಸ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಲಾಂಗ್ ಪೌಂಡ್ ಇರುವುದು ವಿಲ್ಟ್‌ಶೈರ್‌ನಲ್ಲಿ. ವೂಟನ್ ರಿವರ್ಸ್ ಊರಿನ ಕೆಳಗಿನ ಲಾಕ್‌ನಿಂದ ಡಿವೈಜಸ್ ಪಟ್ಟಣದವರೆಗೆ 15 ಮೈಲಿ. ಅಂದರೆ ಸುಮಾರು 24 ಕಿ.ಮೀ. ಒಂದೂ ಲಾಕ್ ಇಲ್ಲ. ನಡುವೆ ಪ್ಯೂಸಿ ವಾರ್ಫ್ ಎಂಬ ದೋಣಿ ಕಟ್ಟೆ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ವಿಲ್ಕಟ್ ಹತ್ತಿರ ಕಾಲುವೆ ಇದ್ದಕ್ಕಿದ್ದಂತೆ ಕೆರೆಯ ಹಾಗೆ ಅಗಲವಾಗುತ್ತದೆ. ಅದರ ಪಕ್ಕದಲ್ಲೇ ಕೆತ್ತನೆಯ ಅಲಂಕಾರವಿರುವ ಲೇಡೀಸ್ ಬ್ರಿಜ್. ತನ್ನ ಜಮೀನಿನಲ್ಲಿ ಕಾಲುವೆ ಹಾಯಬೇಕಾದರೆ ನೋಡಲು ಚೆನ್ನಾಗಿರಬೇಕು ಅಂತ ಜಮೀನಿನ ಒಡತಿ ಹಟ ಹಿಡಿದಿದ್ದರಂತೆ. 1808ರ ಸೇತುವೆ ಅದು. ಇನ್ನೂ ಮುಂದೆ ಹನಿಸ್ಟ್ರೀಟ್. ಅಲ್ಲಿ ಬಲಕ್ಕೆ ನೋಡಿದರೆ ಗುಡ್ಡದ ಮೇಲೆ ಸುಣ್ಣದ ಬಿಳಿ ಕುದುರೆ ಕಾಣುತ್ತದೆ. 1812ರಲ್ಲಿ ಹುಲ್ಲು ಕೆತ್ತಿ ಮಾಡಿದ ಆಲ್ಟನ್ ಬಾರ್ನ್ಸ್ ಕುದುರೆ.

ಪ್ಯೂಸಿಯಿಂದ ಹನಿಸ್ಟ್ರೀಟ್‌ಗೆ ಸುಮಾರು 4 ಮೈಲಿ. ಹೋಗಿ ಬರಲು 8. ಮೊದಲ ದಿನಕ್ಕೆ ಇಷ್ಟು ಸಾಕು. ಪೂರ್ತಿ 15 ಮೈಲಿ ಒಂದೇ ದಿನ ಮುಗಿಸುವ ಆಸೆ ಬೇಡ. ಈಸ್ಟರ್ ವಾರಾಂತ್ಯವನ್ನೂ ಬಿಟ್ಟುಬಿಡಿ. ಆಗ ಡಿವೈಜಸ್‌ನಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ವರೆಗೆ 125 ಮೈಲಿಯ ದೋಣಿ ಓಟ ಇರುತ್ತದೆ. ಹುಟ್ಟು ಹಾಕುತ್ತಾ ಜೋರಾಗಿ ಬರುವವರಿಗೆ ನಾವು ಅಡ್ಡ ಸಿಗಬಾರದು.

ದೋಣಿ ಮತ್ತು ಮೋಟಾರ್

2.5ರಿಂದ 3 ಮೀಟರ್ ಉದ್ದದ, ಗಾಳಿ ತುಂಬುವ ದೋಣಿ ಸಾಕು. ಕಾರಿನ ಡಿಕ್ಕಿಗೆ ಹಿಡಿಸುತ್ತದೆ, ಇಬ್ಬರು ಎತ್ತಬಹುದು. ಹಿಂಬದಿಯಲ್ಲಿ ಮೋಟಾರ್ ಸಿಕ್ಕಿಸಲು ಗಟ್ಟಿ ಮರದ ಹಲಗೆ ಇರಲೇಬೇಕು. ಅದಿಲ್ಲದ, ಬೀಚಿನಲ್ಲಿ ಆಡುವಂಥ ಅಗ್ಗದ ದೋಣಿಗೆ ಮೋಟಾರ್ ಕಟ್ಟಲು ಹೋಗಬೇಡಿ. ಎಷ್ಟು ಜನ, ಎಷ್ಟು ತೂಕ, ಎಷ್ಟು ಶಕ್ತಿಯ ಮೋಟಾರ್ ಅಂತ ದೋಣಿಯ ಮೇಲೇ ಒಂದು ಫಲಕ ಇರುತ್ತದೆ. ಅದನ್ನು ಓದಿ, ಅದಕ್ಕಿಂತ ಒಬ್ಬರನ್ನು ಕಡಿಮೆ ಮಾಡಿ. ಬ್ಯಾಟರಿ, ಬುತ್ತಿ, ಪೆಟ್ಟಿಗೆ ಎಲ್ಲಾ ಸೇರಿದರೆ ಇನ್ನೊಬ್ಬರ ಜಾಗ ಹೋಗಿಯೇ ಹೋಗುತ್ತದೆ.

ಪೆಟ್ರೋಲೋ, ವಿದ್ಯುತ್ತೋ? ಕಾಲುವೆಗೆ ವಿದ್ಯುತ್ ಮೋಟಾರೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ನಾವು ನಿಜವಾಗಿ ಹೋಗುವುದು ಎರಡೂವರೆ, ಮೂರು. ಇಷ್ಟಕ್ಕೆ ದೊಡ್ಡ ಶಕ್ತಿ ಬೇಡ. ಮೀನು ಹಿಡಿಯುವವರು ಬಳಸುವ 12 ವೋಲ್ಟ್ ಮೋಟಾರ್ ಸಾಕು. ಸದ್ದಿಲ್ಲ, ಹೊಗೆ ಇಲ್ಲ. ಬೆಳ್ಳಕ್ಕಿ ಹಾರಿಹೋಗುವುದಿಲ್ಲ.

ಬ್ಯಾಟರಿಯ ಲೆಕ್ಕ ಮಾತ್ರ ಸರಿಯಾಗಿ ಗೊತ್ತಿರಬೇಕು. ತಳ್ಳುವ ಬಲ 55 ಪೌಂಡ್ ಅಂತ ಬರೆದಿರುವ ಮೋಟಾರ್ ಪೂರ್ತಿ ತಿರುಗಿಸಿದರೆ 50 ಆಂಪಿಯರ್‌ನಷ್ಟು ಎಳೆಯುತ್ತದೆ. 100 ಆಂಪಿಯರ್-ಅವರ್ ಬ್ಯಾಟರಿ ಎರಡು ಗಂಟೆಯೊಳಗೆ ಖಾಲಿ. ಅದೇ ಅರ್ಧ ವೇಗದಲ್ಲಿ ಹೋದರೆ 15–20 ಆಂಪಿಯರ್. ಆಗ ಐದಾರು ಗಂಟೆ ಬರುತ್ತದೆ. ಅರ್ಧ ವೇಗಕ್ಕೂ ಪೂರ್ತಿ ವೇಗಕ್ಕೂ ದೋಣಿಯ ಓಟದಲ್ಲಿ ಅಷ್ಟೇನೂ ವ್ಯತ್ಯಾಸ ಇರುವುದಿಲ್ಲ. ನೀರನ್ನು ಸುಮ್ನೆ ಕಡೆಯುತ್ತಿರುತ್ತೀರಿ ಅಷ್ಟೇ.

ಕೊಳ್ಳುವಾಗ ಇನ್ನೊಂದು ಕೇಳಿ. ಐದು ಗೇರಿನ ಅಗ್ಗದ ಮೋಟಾರ್‌ಗಳಲ್ಲಿ ವೇಗ ತಗ್ಗಿಸಲು ಒಳಗೆ ತಂತಿಸುರುಳಿ ಇಟ್ಟಿರುತ್ತಾರೆ. ವೇಗ ಇಳಿಸಿದಾಗ ಉಳಿಯಬೇಕಾದ ವಿದ್ಯುತ್ತು ಅದರಲ್ಲಿ ಶಾಖವಾಗಿ ಹೋಗುತ್ತದೆ. ಗೇರ್ ಇಲ್ಲದೆ ಹಿಡಿಯನ್ನು ಸರಾಗವಾಗಿ ತಿರುಗಿಸುವ ಮಾದರಿಯಲ್ಲಿ ಆ ನಷ್ಟ ಕಡಿಮೆ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಹೆಚ್ಚು ಹೊತ್ತು ಓಡುತ್ತದೆ.

ಹಳೇ ಮಾದರಿಯ ಸೀಸದ ಬ್ಯಾಟರಿ 100 ಆಂಪಿಯರ್-ಅವರ್‌ದು 25 ಕೆಜಿ ಹತ್ತಿರ ತೂಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಆಯಸ್ಸು ಕಡಿಮೆಯಾಗುತ್ತದೆ. ಲಿಥಿಯಂ ಬ್ಯಾಟರಿ ಅರ್ಧ ತೂಕ, ಹೆಚ್ಚುಕಡಿಮೆ ಪೂರ್ತಿ ಬಳಸಬಹುದು. ಯಾವುದಾದರೂ ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟು, ಅಲುಗದಂತೆ ಕಟ್ಟಿ. ಮೋಟಾರಿನ ಕೈಪಿಡಿ ಹೇಳಿದ ಅಳತೆಯ ಫ್ಯೂಸ್ ಹಾಕದೆ ತಂತಿ ಜೋಡಿಸಬೇಡಿ. ಬ್ಯಾಟರಿ ಇರಬೇಕಾದದ್ದು ದೋಣಿಯ ಮೂತಿಯಲ್ಲಿ. ನೀವೂ ಮೋಟಾರೂ ಹಿಂದೆ ಇರುತ್ತೀರಿ. ಬ್ಯಾಟರಿಯೂ ಅಲ್ಲೇ ಇದ್ದರೆ ಮೂತಿ ಆಕಾಶ ನೋಡುತ್ತದೆ, ಗಾಳಿ ಬಂದರೆ ಎತ್ತ ಬೇಕಾದರೂ ತಿರುಗಿಸುತ್ತದೆ.

ಪೆಟ್ರೋಲ್ ಮೋಟಾರ್ ಈಗಾಗಲೇ ಇದ್ದರೆ ಎರಡು, ಎರಡೂವರೆ ಕುದುರೆ ಶಕ್ತಿಯದ್ದು ಧಾರಾಳ. ಇವು ಬಹುಪಾಲು ಕಾಲುವೆಯ ನೀರನ್ನೇ ಎಳೆದು ತಣ್ಣಗಾಗುತ್ತವೆ. ಬೇಸಿಗೆಯಲ್ಲಿ ನೀರಿನ ಮೇಲೆ ಹಸಿರು ಪಾಚಿ ಹಾಸಿಕೊಂಡಿದ್ದರೆ ನೀರೆಳೆಯುವ ತೂತು ಕಟ್ಟಿಕೊಳ್ಳುತ್ತದೆ. ಎಂಜಿನ್‌ನಿಂದ ಸಣ್ಣ ಧಾರೆ ಹೊರಗೆ ಚಿಮ್ಮುತ್ತಿರಬೇಕು. ಆಗಾಗ ಹಿಂತಿರುಗಿ ಅದನ್ನು ನೋಡಿ. ನಿಂತರೆ ತಕ್ಷಣ ಎಂಜಿನ್ ಆರಿಸಿ. ಹೋಂಡಾದ 2.3 ಕುದುರೆ ಶಕ್ತಿಯದ್ದು ಗಾಳಿಯಿಂದಲೇ ತಣ್ಣಗಾಗುತ್ತದೆ, ಅದಕ್ಕೆ ಈ ಚಿಂತೆ ಇಲ್ಲ. ಸದ್ದು ಮಾತ್ರ ಜಾಸ್ತಿ. ಪೆಟ್ರೋಲನ್ನು ದೋಣಿಯೊಳಗೆ ತುಂಬಬೇಡಿ. ದಡಕ್ಕೆ ಇಳಿಸಿ, ಎಂಜಿನ್ ತಣ್ಣಗಾದ ಮೇಲೆ ತುಂಬಿ. ಆವಿ ದೋಣಿಯ ತಳದಲ್ಲೇ ಕೂರುತ್ತದೆ, ಒಂದು ಕಿಡಿ ಸಾಕು.

ಕಾಗದಪತ್ರ

ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುಪಾಲು ಕಾಲುವೆಗಳನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ಅವರ ಲೈಸೆನ್ಸ್ ಬೇಕು. ವರ್ಷದ್ದೇ ಬೇಕಂತಿಲ್ಲ, ಅಲ್ಪಾವಧಿಯದ್ದೂ ಸಿಗುತ್ತದೆ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ದೊಡ್ಡ ದೋಣಿಗಳಿಗೆ ಸುರಕ್ಷತಾ ಪ್ರಮಾಣಪತ್ರ ಬೇಕು. ಒಲೆ, ದೀಪ, ಒಳಗಿನ ಎಂಜಿನ್ ಏನೂ ಇಲ್ಲದ ತೆರೆದ ದೋಣಿಗೆ ಸಾಮಾನ್ಯವಾಗಿ ಅದರ ಬದಲು ಒಂದು ಹೇಳಿಕೆ ಕೊಟ್ಟರೆ ಸಾಕಾಗುತ್ತದೆ.

ನಮ್ಮವರು ಎಡವುವುದು ಒಂದು ಕಡೆ. ಹುಟ್ಟು ಹಾಕುವ ದೋಣಿಯವರು ಪ್ಯಾಡಲ್ ಯುಕೆ ಎಂಬ ಸಂಘದ ಸದಸ್ಯತ್ವ ತೆಗೆದುಕೊಂಡರೆ ಅದರಲ್ಲೇ ಕಾಲುವೆ ಲೈಸೆನ್ಸ್ ಸೇರಿರುತ್ತದೆ. ಅದೇ ದೋಣಿಗೆ ಮೋಟಾರ್ ಕಟ್ಟಿದ ಗಳಿಗೆಯಿಂದ ಆ ಲೈಸೆನ್ಸ್ ನಡೆಯುವುದಿಲ್ಲ. ಎಷ್ಟೇ ಚಿಕ್ಕ ವಿದ್ಯುತ್ ಮೋಟಾರ್ ಆದರೂ ಸರಿ.

ಹೊರಡುವ ಹಿಂದಿನ ದಿನ ಟ್ರಸ್ಟ್‌ನ ಪ್ರಕಟಣೆಗಳನ್ನು ನೋಡಿ. ಚಳಿಗಾಲದಲ್ಲಿ ದುರಸ್ತಿಗೆಂದು, ಒಣ ಬೇಸಿಗೆಯಲ್ಲಿ ನೀರು ಸಾಲದೆ ಕೆಲವು ಭಾಗ ಮುಚ್ಚಿರುತ್ತದೆ.

ಮೈಮೇಲೆ ಏನು, ಚೀಲದಲ್ಲಿ ಏನು

ಲೈಫ್ ಜಾಕೆಟ್ ಚೀಲದಲ್ಲಿ ಇರುವ ವಸ್ತುವಲ್ಲ, ಮೈಮೇಲಿರಬೇಕು. "ಎದೆಮಟ್ಟದ ನೀರು ತಾನೇ" ಅಂತ ಅನ್ನಿಸುತ್ತದೆ. ಇಲ್ಲಿ ಕೊಲ್ಲುವುದು ಆಳ ಅಲ್ಲ, ಚಳಿ. ಏಪ್ರಿಲ್‌ನಲ್ಲಿ ಬಿಸಿಲು ಹೊಳೆಯುತ್ತಿದ್ದರೂ ನೀರು ಕೊರೆಯುತ್ತಿರುತ್ತದೆ. 15 ಡಿಗ್ರಿಗಿಂತ ಕಡಿಮೆ ಇರುವ ನೀರಿಗೆ ಥಟ್ಟನೆ ಬಿದ್ದರೆ ಉಸಿರು ಮೇಲೆಳೆದುಕೊಳ್ಳುತ್ತದೆ, ಆ ಉಸಿರಿನಲ್ಲಿ ನೀರೂ ಒಳಗೆ ಹೋಗಬಹುದು. ಬಿದ್ದರೆ ಕೈಕಾಲು ಬಡಿಯಬೇಡಿ. ತಲೆ ಹಿಂದಕ್ಕೆ ಹಾಕಿ, ಕಿವಿ ನೀರಿಗೆ ತಾಗುವಂತೆ ಅಂಗಾತ ತೇಲಿ. ಒಂದೆರಡು ನಿಮಿಷದಲ್ಲಿ ಉಸಿರು ಹತೋಟಿಗೆ ಬರುತ್ತದೆ. ಆಮೇಲೆ ದಡದ ಕಡೆ ನೋಡಿ. ತಳದಲ್ಲಿ ಮೊಣಕಾಲುದ್ದ ಕೆಸರು ಇರುತ್ತದೆ, ನಿಂತು ನಡೆಯುತ್ತೇನೆ ಅಂದುಕೊಳ್ಳಬೇಡಿ.

ಎರಡನೆಯದು ಇಲಿಜ್ವರ. ನಮ್ಮ ಮಲೆನಾಡು, ಕರಾವಳಿಯವರಿಗೆ ಇದರ ಹೆಸರು ಹೊಸದಲ್ಲ. ಇಲ್ಲಿನ ಕಾಲುವೆಯಲ್ಲೂ ಇಲಿ ಮೂತ್ರದಿಂದ ಅದು ಬರಬಹುದು. ಗಾಯವಿದ್ದರೆ ನೀರು ತಾಗದಂತೆ ಪ್ಲಾಸ್ಟರ್ ಹಾಕಿ. ಚಪಾತಿಗೆ ಕೈ ಹಾಕುವ ಮೊದಲು ಕೈ ತೊಳೆಯಲು ಬೇರೆ ನೀರು ಇಟ್ಟುಕೊಳ್ಳಿ. ಹೋಗಿ ಬಂದ ಮೂರು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ "ಕಾಲುವೆ ನೀರು ಮುಟ್ಟಿದ್ದೆ" ಅಂತ ಹೇಳಿ.

ಚೀಲದಲ್ಲಿ ಇವಿಷ್ಟಿರಲಿ: ಒಂದು ಜೊತೆ ಹುಟ್ಟು, 8–10 ಮೀಟರ್ ಹಗ್ಗ ಎರಡು, ನೆಲಕ್ಕೆ ಹೊಡೆಯುವ ಎರಡು ಗೂಟ, ಸುತ್ತಿಗೆ, ಗಾಳಿ ಪಂಪು, ತೂತು ಮುಚ್ಚುವ ಸಾಮಾನು, ನೀರು ಮೊಗೆಯಲು ಚಿಕ್ಕ ಬಕೆಟ್, ಹರಿತವಾದ ಚಾಕು, ಸೀಟಿ, ನೀರು ಹೋಗದ ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ. ಹುಟ್ಟು ಮರೆತು ಹೊರಡಬೇಡಿ. ಮೋಟಾರ್ ಕೆಟ್ಟ ದಿನ ಮನೆಗೆ ತರುವುದು ಅದೇ.

ನೀರಿಗಿಳಿಸುವುದು

ಗಾಳಿಯನ್ನು ನೆಲದ ಮೇಲೆ ತುಂಬಿ, ನೀರಿಗಿಳಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ತಣ್ಣೀರು ತಾಗಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ದೋಣಿ ಮೆತ್ತಗಾಗುತ್ತದೆ, ಇನ್ನಷ್ಟು ತುಂಬಬೇಕು. ಇದರ ಉಲ್ಟಾ ಕೂಡ ನೆನಪಿರಲಿ: ಮಧ್ಯಾಹ್ನ ದೋಣಿಯನ್ನು ದಡಕ್ಕೆಳೆದು ಬಿಸಿಲಲ್ಲಿ ಬಿಟ್ಟು ಊಟಕ್ಕೆ ಕೂತರೆ ಗಾಳಿ ಹಿಗ್ಗಿ ಹೊಲಿಗೆ ಬಿಡಬಹುದು. ನೆರಳಿಗೆ ಎಳೆಯಿರಿ, ಇಲ್ಲವೇ ಸ್ವಲ್ಪ ಗಾಳಿ ಬಿಡಿ.

ದೋಣಿ ನೀರಿನಲ್ಲಿ ನಿಂತ ಮೇಲೆ ಮೋಟಾರ್ ಸಿಕ್ಕಿಸಿ. ಎರಡೂ ತಿರುಪು ಬಿಗಿ ಮಾಡಿ. ಅದರ ಮೇಲೆ ಒಂದು ಹಗ್ಗ ಹಾಕಿ ದೋಣಿಗೂ ಮೋಟಾರ್‌ಗೂ ಗಂಟು ಹಾಕಿ. ಅಲುಗಾಟಕ್ಕೆ ತಿರುಪು ಸಡಿಲವಾಗಿ ಮೋಟಾರ್ ನೀರುಪಾಲಾದ ಕಥೆಗಳನ್ನು ದಡದಲ್ಲಿ ಬೇಕಾದಷ್ಟು ಕೇಳಿದ್ದೇನೆ.

ಹತ್ತುವಾಗ ನಿಂತು ಹಾರಬೇಡಿ. ದಡದಲ್ಲಿ ಕೂತು, ಒಂದು ಕಾಲು ದೋಣಿಯ ನಡುವಿಗೆ ಇಟ್ಟು, ಬಗ್ಗಿಕೊಂಡೇ ಒಳಗೆ ಸರಿಯಿರಿ. ಹರಿಗೋಲು ಹತ್ತಿದವರಿಗೆ ಈ ಅಭ್ಯಾಸ ಇರುತ್ತದೆ.

ಪೆಟ್ರೋಲ್ ಮೋಟಾರ್‌ನಲ್ಲಿ ಕೆಂಪು ಸುರುಳಿ ಹಗ್ಗ ಒಂದಿರುತ್ತದೆ, ಕಿಲ್ ಕಾರ್ಡ್. ಅದನ್ನು ತೊಡೆಗೋ ಲೈಫ್ ಜಾಕೆಟ್‌ಗೋ ಸಿಕ್ಕಿಸಿಕೊಳ್ಳಿ. ನೀವು ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ಸಿಕ್ಕಿಸದಿದ್ದರೆ ದೋಣಿ ನಿಮ್ಮ ಸುತ್ತಲೇ ತಿರುಗುತ್ತದೆ, ಬ್ಲೇಡ್ ಸಮೇತ.

ಓಡಿಸುವುದು

ಮೋಟಾರ್ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಬಲಕ್ಕೆ ತಳ್ಳಿದರೆ ಎಡಕ್ಕೆ. ಮೊದಲ ಹತ್ತು ನಿಮಿಷ ತಲೆ ಕೆಡುತ್ತದೆ, ಆಮೇಲೆ ಕೈ ಕಲಿಯುತ್ತದೆ. ಖಾಲಿ ಜಾಗದಲ್ಲಿ ಸುತ್ತು ಹೊಡೆದು, ನಿಲ್ಲಿಸಿ, ಹಿಂದಕ್ಕೆ ಬಂದು ಅಭ್ಯಾಸ ಮಾಡಿಕೊಂಡೇ ಹೊರಡಿ. ನೀರಿನಲ್ಲಿ ಬ್ರೇಕ್ ಇಲ್ಲ. ಮುಂದೆ ಅಡ್ಡಿ ಕಂಡ ಮೇಲೆ ವೇಗ ಇಳಿಸಿದರೆ ತಡವಾಗುತ್ತದೆ, ಕಾಣುವ ಮೊದಲೇ ಇಳಿಸಿರಬೇಕು.

ಸಾಧ್ಯವಿದ್ದಷ್ಟೂ ನಡುನೀರಿನಲ್ಲಿ ಹೋಗಿ. ಅಂಚಿನಲ್ಲಿ ಆಳ ಕಡಿಮೆ, ಕಲ್ಲು, ಜೊಂಡು, ಯಾರೋ ಎಸೆದ ಸೈಕಲ್ ಎಲ್ಲಾ ಇರುತ್ತದೆ. ಎದುರಿಗೆ ದೋಣಿ ಬಂದರೆ ಬಲಕ್ಕೆ ಸರಿಯಬೇಕು. ಇಲ್ಲಿ ರಸ್ತೆಯಲ್ಲಿ ಎಡಕ್ಕೆ ಓಡಿಸಿ ಅಭ್ಯಾಸ ನಮಗೆ, ಗಾಬರಿಯಲ್ಲಿ ಕೈ ಎಡಕ್ಕೇ ಹೋಗುತ್ತದೆ. ನೀರಿನ ಮೇಲೆ ಬಲ.

ವೇಗದ ಬಗ್ಗೆ ಸ್ವಲ್ಪ ಉದ್ದ ಮಾತಾಡಬೇಕು. ಕಾಲುವೆಯ ದಡದುದ್ದಕ್ಕೂ ಕಟ್ಟಿ ನಿಲ್ಲಿಸಿದ ದೋಣಿಗಳಿರುತ್ತವೆ. ಎಷ್ಟೋ ಜನಕ್ಕೆ ಅದೇ ಮನೆ. ನಾನು ಮೊದಲ ಸಲ ಹೋದಾಗ ನನ್ನ ದೋಣಿ ಪುಟ್ಟದು, ಅದರಿಂದ ಯಾರಿಗೆ ಏನಾಗುತ್ತದೆ ಅಂದುಕೊಂಡು ಅಂಥ ಸಾಲಿನ ಪಕ್ಕ ಅದೇ ವೇಗದಲ್ಲಿ ಹೋದೆ. ಒಬ್ಬ ವಯಸ್ಸಾದ ಹೆಂಗಸು ಬಾಗಿಲು ತೆರೆದು ಹೊರಗೆ ಬಂದರು. ಒಲೆ ಮೇಲೆ ಕುದಿಯುವ ನೀರಿತ್ತು, ದೋಣಿ ಅಲುಗಾಡಿತು ಅಂದರು. ಜೋರು ಮಾಡಲಿಲ್ಲ, ಮೆಲ್ಲಗೇ ಹೇಳಿದರು. ನನಗೆ ಅದು ಇವತ್ತಿಗೂ ಮನಸ್ಸಿನಲ್ಲಿದೆ. ಯಾರದೋ ಅಡುಗೆಮನೆ ಪಕ್ಕ ಹೋಗುತ್ತಿದ್ದೇವೆ ಅಂತ ಈಗ ನೆನಪಿಟ್ಟುಕೊಂಡೇ ಹೋಗುತ್ತೇನೆ. ಸಾಲಿನ ಮೊದಲ ದೋಣಿ ಬರುವುದಕ್ಕೆ ಮುಂಚೆಯೇ ವೇಗ ತೀರಾ ಇಳಿಸಿ, ಕೊನೆಯ ದೋಣಿ ದಾಟುವವರೆಗೆ ಏರಿಸಬೇಡಿ. ಸರಿಯಾದ ವೇಗ ತಿಳಿಯಲು ಹಿಂತಿರುಗಿ ನೋಡಿ. ನಿಮ್ಮ ಹಿಂದಿನ ಅಲೆ ದಡಕ್ಕೆ ಬಡಿದು ಮುರಿಯುತ್ತಿದ್ದರೆ ಜಾಸ್ತಿಯಾಯಿತು ಅಂತಲೇ ಅರ್ಥ. ಆ ಅಲೆ ಮಣ್ಣನ್ನೂ ಕೊರೆಯುತ್ತದೆ, ನೀರುಕೋಳಿಯ ಗೂಡನ್ನೂ ಮುಳುಗಿಸುತ್ತದೆ.

ಒಮ್ಮೆ ನನ್ನ ಬಾಮೈದ ಜೊತೆಗಿದ್ದ. "ಭಾವ, ಏರಿ ಮೇಲೆ ನಾಯಿ ಕರ್ಕೊಂಡು ಹೋಗ್ತಿರೋ ಅಜ್ಜ ನಮ್ಮನ್ನ ದಾಟಿ ಹೋದ್ರು" ಅಂದ. ಅದೇ ಸರಿಯಾದ ವೇಗ ಕಣೋ ಅಂದೆ. ಹನಿಸ್ಟ್ರೀಟ್ ಮುಟ್ಟುವಷ್ಟರಲ್ಲಿ ಅವನೇ ಹಿಡಿ ತೆಗೆದುಕೊಂಡು ನನಗಿಂತ ನಿಧಾನವಾಗಿ ಓಡಿಸುತ್ತಿದ್ದ.

ಗಾಳ ಹಾಕಿ ಕೂತವರು ಸಿಗುತ್ತಾರೆ. ಅವರ ಗಳ ಬಲು ಉದ್ದ, ಕೆಲವು ಕಾಲುವೆಯ ಆಚೆ ದಡದವರೆಗೂ ಚಾಚಿರುತ್ತವೆ. ದೂರದಿಂದಲೇ ನಿಧಾನ ಮಾಡಿ, ಅವರು ನೋಡಿ ಗಳ ಎಳೆದುಕೊಳ್ಳುವವರೆಗೆ ಕಾಯಿರಿ. ನಡುವಲ್ಲಿ ಒಂದೇ ಸಮ ಹೋಗಿ, ಕೈ ಎತ್ತಿ ನಮಸ್ಕಾರ ಹೇಳಿ. ಹಂಸ ಮರಿಗಳ ಜೊತೆಗಿದ್ದರೆ ತಾಯಿಗೂ ಮರಿಗೂ ನಡುವೆ ನುಗ್ಗಬೇಡಿ. ಗಂಡು ಹಂಸ ರೆಕ್ಕೆ ಬಿಚ್ಚಿ ಬಂದರೆ ತಗ್ಗು ದೋಣಿಯಲ್ಲಿ ಅದರ ತಲೆ ನಿಮ್ಮ ಮುಖದ ಮಟ್ಟಕ್ಕೇ ಇರುತ್ತದೆ.

ಪ್ರತಿ ಸೇತುವೆಗೂ ಒಂದು ಸಂಖ್ಯೆ ಇದೆ, ಕಮಾನಿನ ಮೇಲೆ ಬರೆದಿರುತ್ತದೆ. ದಾಟುವಾಗ ಒಮ್ಮೆ ಜೋರಾಗಿ ಹೇಳಿಕೊಳ್ಳಿ. ಸಹಾಯಕ್ಕೆ 999 ಕರೆಯಬೇಕಾಗಿ ಬಂದರೆ ನೀವು ಎಲ್ಲಿದ್ದೀರಿ ಅಂತ ಹೇಳಲು ಹೊಲದ ನಡುವೆ ಬೇರೆ ಗುರುತು ಇರುವುದಿಲ್ಲ.

ಲಾಂಗ್ ಪೌಂಡ್‌ನ ಡಿವೈಜಸ್ ಕಡೆ ಒಂದೆರಡು ತಿರುಗುವ ಸೇತುವೆಗಳಿವೆ. ಮುಚ್ಚಿದಾಗ ನೀರಿಗೆ ತೀರಾ ಹತ್ತಿರ. ಚಿಕ್ಕ ದೋಣಿ ಅಂತ ತಲೆ ಬಗ್ಗಿಸಿ ನುಗ್ಗುವ ಆಸೆ ಬರುತ್ತದೆ, ಬೇಡ. ಒಬ್ಬರನ್ನು ದಡಕ್ಕಿಳಿಸಿ, ತೆರೆಸಿ, ದಾಟಿ, ಮತ್ತೆ ಮುಚ್ಚಿಸಿ.

ದೊಡ್ಡ ದೋಣಿ ಎದುರಾದಾಗ

ಈ ಬರಹದಲ್ಲಿ ಒಂದೇ ಭಾಗ ಓದಿ ಅಂದರೆ ಇದನ್ನೇ ತೋರಿಸುತ್ತೇನೆ.

ಕಾಲುವೆಯಲ್ಲಿ ಹೆಚ್ಚಾಗಿ ಓಡಾಡುವುದು ನ್ಯಾರೋಬೋಟ್. ಅಗಲ 2.1 ಮೀಟರ್ ಅಷ್ಟೇ, ಉದ್ದ 20 ಮೀಟರ್ ದಾಟಬಹುದು. ಉಕ್ಕಿನ ಮೈ, ಹತ್ತಾರು ಟನ್ ತೂಕ. ಓಡಿಸುವವರು ನಿಲ್ಲುವುದು ತೀರಾ ಹಿಂದೆ. ಅಂದರೆ ಅವರ ಮುಂದೆ ಅಷ್ಟುದ್ದದ ಚಾವಣಿ ಇರುತ್ತದೆ. ಆ ದೋಣಿಯ ಮೂತಿಯ ಹತ್ತಿರ, ನೀರಿನ ಮಟ್ಟದಲ್ಲಿ ಕೂತಿರುವ ನೀವು ಅವರಿಗೆ ಕಾಣುವುದೇ ಇಲ್ಲ. ನಿಮಗೆ ಅವರ ಮುಖ ಕಾಣುತ್ತಿಲ್ಲ ಅಂದರೆ ಅವರಿಗೂ ನೀವು ಕಾಣುತ್ತಿಲ್ಲ. ಬಣ್ಣದ ಟೋಪಿ ಹಾಕಿ, ಕಿತ್ತಳೆ ಬಣ್ಣದ ಜಾಕೆಟ್ ಇನ್ನೂ ಒಳ್ಳೆಯದು.

ಹಾಗಾಗಿ ದಾರಿ ಬಿಡುವುದು ಯಾವಾಗಲೂ ನಾವೇ. ನಿಯಮ ಏನೇ ಇರಲಿ. ಸೇತುವೆ ಕೆಳಗೆ ಕಾಲುವೆ ಕಿರಿದಾಗುತ್ತದೆ. ಆ ಕಡೆಯಿಂದ ದೊಡ್ಡ ದೋಣಿ ಬರುತ್ತಿದ್ದರೆ ಈ ಕಡೆಯೇ ನಿಂತುಬಿಡಿ. ತಿರುವಿನಲ್ಲಿರುವ ಸೇತುವೆ ಬಂದಾಗ ಉದ್ದವಾಗಿ ಒಂದು ಸೀಟಿ ಹೊಡೆದು, ಕಿವಿಗೊಟ್ಟು, ಆಮೇಲೆ ಮುಂದೆ ಹೋಗಿ.

ದೊಡ್ಡ ದೋಣಿ ಹಾದುಹೋಗುವಾಗ ನೀರು ಮೂರು ರೀತಿ ಆಡುತ್ತದೆ. ಅದರ ಮೂತಿ ಹತ್ತಿರ ಬಂದಾಗ ನಿಮ್ಮನ್ನು ದಡದ ಕಡೆ ತಳ್ಳುತ್ತದೆ. ನಡುಭಾಗ ಹಾಯುವಾಗ ದಡದ ನೀರು ತಗ್ಗಿ ನಿಮ್ಮನ್ನು ಅದರ ಮೈಯತ್ತ ಎಳೆಯುತ್ತದೆ. ಹಿಂಭಾಗ ದಾಟುವಾಗ ಪ್ರೊಪೆಲರ್‌ನ ಸುಳಿ ಬರುತ್ತದೆ. ಇದು ಗೊತ್ತಿಲ್ಲದವರು ಎರಡನೇ ಹಂತದಲ್ಲಿ ಗಾಬರಿಯಾಗಿ ಕೈಯಿಂದ ಆ ದೋಣಿಯನ್ನು ತಳ್ಳಲು ಹೋಗುತ್ತಾರೆ. ಟನ್‌ಗಟ್ಟಲೆ ಉಕ್ಕಿಗೂ ದಡದ ಕಲ್ಲಿಗೂ ನಡುವೆ ಕೈ, ಕಾಲು ಇಡಲೇಬಾರದು. ಮೂತಿ ನೇರ ಇಟ್ಟುಕೊಂಡು, ಮೋಟಾರ್ ಆರಿಸದೆ, ಮೆಲ್ಲಗೆ ಮುಂದೆ ಹೋಗುತ್ತಿರಿ. ನಿಂತ ದೋಣಿಯನ್ನು ನೀರು ಎಳೆಯುತ್ತದೆ, ಚಲಿಸುವ ದೋಣಿ ನಿಮ್ಮ ಮಾತು ಕೇಳುತ್ತದೆ. ಹಿಂದೆ ಬೀಳಲು ಜಾಗವಿದ್ದರೆ ಮೊದಲೇ ನಿಂತು, ಅದು ಹೋದ ಮೇಲೆ ಹೊರಡುವುದು ಇನ್ನೂ ಸುಲಭ.

ಪ್ರೊಪೆಲರ್‌ಗೆ ಏನಾದರೂ ಸುತ್ತಿಕೊಂಡರೆ

ಖಂಡಿತ ಸುತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲ, ಗಾಳದ ದಾರ, ಜೊಂಡು. ಮೋಟಾರಿನ ಸದ್ದು ಬದಲಾಗುತ್ತದೆ, ದೋಣಿ ಸೋಲುತ್ತದೆ. ಮೊದಲು ಹುಟ್ಟು ಹಾಕಿ ದಡಕ್ಕೆ ಬನ್ನಿ. ಪೆಟ್ರೋಲ್ ಆದರೆ ಕಿಲ್ ಕಾರ್ಡ್ ಎಳೆದಿಡಿ, ವಿದ್ಯುತ್ ಆದರೆ ಬ್ಯಾಟರಿಯ ತಂತಿಯನ್ನೇ ಬಿಚ್ಚಿ. ಹಿಡಿ ಸೊನ್ನೆಗೆ ತಿರುಗಿಸಿದರೆ ಸಾಕು ಅಂದುಕೊಳ್ಳಬೇಡಿ, ಮೊಣಕೈ ತಾಗಿದರೆ ತಿರುಗುತ್ತದೆ. ಆಮೇಲೆ ಮೋಟಾರ್ ಎತ್ತಿ ಚಾಕುವಿನಿಂದ ಕತ್ತರಿಸಿ. ತೆಗೆದ ಕಸ ದೋಣಿಯಲ್ಲೇ ಇರಲಿ, ನೀರಿಗೆ ಮತ್ತೆ ಹೋಗುವುದು ಬೇಡ.

ಎಲ್ಲಾ ಬಿಡಿಸಿದ ಮೇಲೂ ಮೋಟಾರ್ ತಿರುಗುತ್ತದೆ, ದೋಣಿ ಹೋಗುತ್ತಿಲ್ಲ ಅಂದರೆ ಶಿಯರ್ ಪಿನ್ ಮುರಿದಿದೆ. ಏಟು ಬಿದ್ದಾಗ ಗೇರ್ ಉಳಿಯಲಿ ಅಂತ ತಾನು ಮುರಿಯುವ ಸಣ್ಣ ಪಿನ್ ಅದು. ಎರಡು ಹೆಚ್ಚುವರಿ ಪಿನ್, ಒಂದು ಇಕ್ಕುಳ ಚೀಲದಲ್ಲಿರಲಿ. ಮನೆಯಲ್ಲೇ ಒಮ್ಮೆ ಹಾಕಿ ತೆಗೆದು ಕಲಿತಿರಿ.

ಬ್ಯಾಟರಿ ಮೂರನೇ ಒಂದು ಭಾಗ ಖಾಲಿಯಾದಾಗ ವಾಪಸ್ ತಿರುಗಿ. ಒಂದು ಪಾಲು ಹೋಗಲು, ಒಂದು ಬರಲು, ಇನ್ನೊಂದು ಎದುರುಗಾಳಿಗೆ. ಇಂಥ ಹಗುರ ದೋಣಿಗೆ ಎದುರುಗಾಳಿ ಎಂಬುದು ದೊಡ್ಡ ವಿಷಯ.

ಲಾಕ್ ಬಗ್ಗೆ ಸ್ವಲ್ಪ

ಲಾಂಗ್ ಪೌಂಡ್‌ನಲ್ಲಿ ಲಾಕ್ ಇಲ್ಲ, ಆದರೆ ಅದರಾಚೆ ಡಿವೈಜಸ್‌ನಲ್ಲಿ 29 ಲಾಕ್‌ಗಳಿವೆ. ಅದರಲ್ಲಿ 16 ಗುಡ್ಡದ ಇಳಿಜಾರಿಗೆ ಮೆಟ್ಟಿಲಿನಂತೆ ಒಂದೇ ಸಾಲು. ಅದನ್ನು ನಡೆದು ಹೋಗಿ ನೋಡಿ. ಪುಟ್ಟ ದೋಣಿಯಲ್ಲಿ ಲಾಕ್ ಹಾಯುವುದನ್ನು ನಾನು ಹೊಸಬರಿಗೆ ಹೇಳುವುದಿಲ್ಲ. ಲಾಕ್ ಒಂದು ಸಲ ತುಂಬಿ ಖಾಲಿಯಾದರೆ ಎರಡು ಲಕ್ಷ ಲೀಟರಿಗೂ ಹೆಚ್ಚು ನೀರು ಕೆಳಗೆ ಹೋಗುತ್ತದೆ. ಮೇಲಿನ ಮಟ್ಟಕ್ಕೆ ಆ ನೀರನ್ನು ಪಂಪ್ ಮಾಡಿ ಏರಿಸಬೇಕು. ಇದೇ ಕಾಲುವೆಯ ಕ್ರಾಫ್ಟನ್‌ನಲ್ಲಿ ಈ ಕೆಲಸಕ್ಕೆಂದೇ 1812ರ ಉಗಿಯಂತ್ರ ಇಟ್ಟಿದ್ದರು, ಅದು ಈಗಲೂ ಓಡುವ ಸ್ಥಿತಿಯಲ್ಲಿದೆ. ಮೂರು ಮೀಟರ್ ದೋಣಿಗಾಗಿ ಅಷ್ಟು ನೀರು ಬಿಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಗಾಳಿ ದೋಣಿಯ ಅನುಕೂಲವೇ ಅದು: ಮೋಟಾರ್, ಬ್ಯಾಟರಿ ಬಿಚ್ಚಿ, ಇಬ್ಬರು ಹೊತ್ತು ಲಾಕ್ ಪಕ್ಕ ನಡೆದು ಆ ಕಡೆ ಇಳಿಸಿ.

ಹಾಯಲೇಬೇಕಾದರೆ ಗೊತ್ತಿರುವವರ ಜೊತೆ ಹೋಗಿ. ಏರುವಾಗ ತೂಬು ಎತ್ತಿದ ಕೂಡಲೇ ನೀರು ಭೋರ್ಗರೆದು ನುಗ್ಗುತ್ತದೆ. ದಡದ ತೂಬನ್ನು ಮೊದಲು, ಅದೂ ಕಾಲು ಭಾಗ ಮಾತ್ರ ಎತ್ತಬೇಕು. ಗೇಟಿನಲ್ಲಿರುವ ತೂಬು ಬೇಗ ಎತ್ತಿದರೆ ನೀರು ನೇರ ದೋಣಿಯೊಳಗೇ ಬೀಳುತ್ತದೆ. ಇಳಿಯುವಾಗ ಮೇಲಿನ ಗೇಟಿನ ಬುಡದಲ್ಲಿ ಕಲ್ಲಿನ ಕಟ್ಟೆಯೊಂದು ನೀರೊಳಗೆ ಅಡಗಿರುತ್ತದೆ, ಅದರಿಂದ ಮುಂದೆ ಇರಬೇಕು. ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ಕೈಯಲ್ಲಿ ಹಿಡಿದಿರಿ. ಗಂಟು ಹಾಕಿದರೆ ನೀರು ಇಳಿದಂತೆ ದೋಣಿ ಗೋಡೆಗೆ ತೂಗಿಬಿಡುತ್ತದೆ.

ಮರಳಿ ಬಂದ ಮೇಲೆ

ಸುಸ್ತಾಗಿರುತ್ತದೆ, ಆದರೂ ಇದನ್ನು ಅಲ್ಲೇ ಮಾಡಿ. ದೋಣಿಯನ್ನು ಮೇಲೆತ್ತಿ ತಳ, ಹಗ್ಗ, ಪ್ರೊಪೆಲರ್ ಎಲ್ಲಾ ನೋಡಿ. ಅಂಟಿರುವ ಪ್ರತಿ ಚೂರು ಎಲೆ, ಬೇರು, ಸಣ್ಣ ಚಿಪ್ಪು ತೆಗೆಯಿರಿ. ನಮ್ಮ ಕೆರೆಗಳಲ್ಲಿ ಕಳೆ ಹೊದ್ದುಕೊಂಡು ನೀರೇ ಕಾಣದಂತಾಗುವುದನ್ನು ನೋಡಿದ್ದೇವೆ ಅಲ್ವಾ? ಇಲ್ಲಿ ಫ್ಲೋಟಿಂಗ್ ಪೆನ್ನಿವರ್ಟ್ ಎಂಬ ಹೊರಗಿನ ಕಳೆ ಹಾಗೇ ಮಾಡುತ್ತದೆ. ದಿನಕ್ಕೆ 20 ಸೆಂ.ಮೀ.ವರೆಗೆ ಬೆಳೆಯುತ್ತದೆ, ಒಂದು ತುಂಡು ಹೊಸ ನೀರಿಗೆ ಬಿದ್ದರೆ ಸಾಕು. ಮನೆಯಲ್ಲಿ ಬಿಸಿನೀರಿನಲ್ಲಿ ತೊಳೆದು, ಮಡಿಸುವ ಮೊದಲು ಪೂರ್ತಿ ಒಣಗಿಸಿ. ಹಸಿ ಮಡಿಸಿದರೆ ಬೂಷ್ಟು ಹಿಡಿದು ಅಂಟು ಬಿಡುತ್ತದೆ.

ಪೆಟ್ರೋಲ್ ಮೋಟಾರ್ ಆದರೆ ಇಂಧನದ ನಲ್ಲಿ ಮುಚ್ಚಿ, ಕಾರ್ಬ್ಯುರೇಟರ್‌ನಲ್ಲಿ ಉಳಿದಿದ್ದು ಉರಿದು ತಾನೇ ನಿಲ್ಲುವವರೆಗೆ ಓಡಿಸಿ. ನೀರಿನಿಂದ ತಣ್ಣಗಾಗುವ ಮೋಟಾರ್ ಆದರೆ ಇದನ್ನು ನೀರಿನಲ್ಲಿರುವಾಗಲೇ ಮಾಡಿ. ಇಲ್ಲಿನ ಬಂಕ್‌ಗಳಲ್ಲಿ 2021ರಿಂದ ಮಾಮೂಲಿ ಪೆಟ್ರೋಲ್ ಅಂದರೆ ಇ10, ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆತದ್ದು. ಆ ಎಥನಾಲ್ ತೇವ ಹೀರಿಕೊಂಡು ವಾರಗಟ್ಟಲೆ ನಿಂತರೆ ಕಾರ್ಬ್ಯುರೇಟರ್‌ನ ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ. ದೋಣಿಗೆ ಎಥನಾಲ್ ಕಡಿಮೆ ಇರುವ ಇ5 ತೆಗೆದುಕೊಳ್ಳಿ. ಲಿಥಿಯಂ ಬ್ಯಾಟರಿಯನ್ನು ಚಳಿಗಾಲ ಪೂರ್ತಿ ಇಡುವುದಾದರೆ ಅರ್ಧ ಚಾರ್ಜ್‌ನಲ್ಲಿ, ಮನೆಯೊಳಗೆ ಇಡಿ. ಕೊರೆಯುವ ಗ್ಯಾರೇಜಿನಲ್ಲಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಅದಕ್ಕೆ ಚಾರ್ಜ್ ಹಾಕಬಾರದು.

ಲೈಫ್ ಜಾಕೆಟ್ ಒಗೆದು ನೆರಳಲ್ಲಿ ತೂಗುಹಾಕಿ. ಮುರಿದ ಪಿನ್, ಮುಗಿದ ಪ್ಲಾಸ್ಟರ್, ಸಡಿಲವಾದ ತಿರುಪು, ಏನೇನು ಬೇಕೋ ಅದೇ ರಾತ್ರಿ ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಹಾಕಿಡಿ.